ಸಣ್ಣ ಯಂತ್ರತೋಳಿಗೆ ಎತ್ತುವ ವ್ಯವಸ್ಥೆಯ ಆಯ್ಕೆ: ಸಣ್ಣ ಉದ್ಯಮಿಗಳು ತಿಳಿಯಬೇಕಾದ ಅಂಶಗಳು

ಸಿಎನ್‌ಸಿ ಲೇತಿನ ಮುಂದೆ ನಿಂತ ಕಾರ್ಮಿಕನು 3 ಕಿ.ಗ್ರಾಂ ತೂಕದ ಫೋರ್ಜಿಂಗ್ ಒಂದನ್ನು ಟ್ರೇಯಿಂದ ಎತ್ತಿ ಚಕ್‌ಗೆ ಹಿಡಿಸುತ್ತಾನೆ. ಯಂತ್ರವು ತನ್ನ ಕೆಲಸ ಮುಗಿಸಿದ ನಂತರ ಅದನ್ನು ಬಿಡಿಸಿ ಮತ್ತೊಂದು ಟ್ರೇಯಲ್ಲಿ ಇಡುತ್ತಾನೆ. ಒಂದು ಪಾಳಿಯಲ್ಲಿ 400 ಬಿಡಿಭಾಗಗಳು ತಯಾರಾದರೆ ಆತನ ಕೈಗಳು ಎರಡು ಟನ್ನಿಗೂ ಅಧಿಕ ಭಾರವನ್ನು ಎತ್ತಿ ಇಳಿಸಿರುತ್ತವೆ. ಇಂತಹ ಕೆಲಸಕ್ಕೆ ಜನ ದೊರೆಯುವುದು ಕಷ್ಟವಾಗಿರುವುದರಿಂದ ಪೀಣ್ಯ, ಬೆಳಗಾವಿಯ ಉದ್ಯಮಬಾಗ, ಹುಬ್ಬಳ್ಳಿಯ ಗೋಕುಲ ರಸ್ತೆ, ಶಿವಮೊಗ್ಗದ ಮಾಚೇನಹಳ್ಳಿಯಂತಹ ಕೈಗಾರಿಕಾ ಪ್ರದೇಶಗಳ ಸಣ್ಣ ಘಟಕಗಳಿಗೂ ಯಂತ್ರತೋಳಿನ ವಿಚಾರ ಇಂದು ದೂರದ ಮಾತಾಗಿ ಉಳಿದಿಲ್ಲ.

ಯಂತ್ರತೋಳನ್ನು ಕೊಳ್ಳುವಾಗ ಅಥವಾ ಸ್ಥಳೀಯವಾಗಿ ಮಾಡಿಸುವಾಗ ಉದ್ಯಮಿಗಳ ಗಮನ ಸಾಮಾನ್ಯವಾಗಿ ನಿಯಂತ್ರಕ, ಗ್ರಿಪ್ಪರ್ ಹಾಗೂ ಬೆಲೆಯ ಕಡೆಗೆ ಹರಿಯುತ್ತದೆ. ಭಾರವನ್ನು ಮೇಲಕ್ಕೆತ್ತುವ ಭಾಗ ಯಾವ ಬಗೆಯದು ಎಂಬ ಪ್ರಶ್ನೆಯನ್ನು ತಯಾರಕನ ವಿವೇಚನೆಗೆ ಬಿಟ್ಟುಬಿಡಲಾಗುತ್ತದೆ. ಆದರೆ ಅಡ್ಡ ಚಲನೆಗೂ ಲಂಬ ಚಲನೆಗೂ ಒಂದು ಮೂಲಭೂತ ವ್ಯತ್ಯಾಸವಿದೆ. ಅಡ್ಡಲಾಗಿ ಚಲಿಸುವ ಭಾಗವು ವಿದ್ಯುತ್ ನಿಂತಾಗ ಇದ್ದಲ್ಲೇ ನಿಲ್ಲುತ್ತದೆ. ಲಂಬವಾಗಿ ಚಲಿಸುವ ಭಾಗವನ್ನು ಗುರುತ್ವಾಕರ್ಷಣೆಯು ಹಗಲಿರುಳೂ ಕೆಳಗೆ ಎಳೆಯುತ್ತಲೇ ಇರುತ್ತದೆ. ಆದುದರಿಂದ ಈ ಒಂದು ಆಯ್ಕೆಯು ಉತ್ಪಾದನೆಯ ವೇಗವನ್ನೂ, ನಿರ್ವಹಣೆಯ ಖರ್ಚನ್ನೂ, ಕೆಲಸಗಾರನ ಕೈಯ ಸುರಕ್ಷತೆಯನ್ನೂ ಏಕಕಾಲಕ್ಕೆ ನಿರ್ಧರಿಸುತ್ತದೆ.

ಮೊದಲು ಕೆಲಸವನ್ನು ಅಳೆಯಬೇಕು

ಯಾವುದೇ ವ್ಯವಸ್ಥೆಯನ್ನು ಆಯ್ಕೆ ಮಾಡುವ ಮುನ್ನ ನಾಲ್ಕು ಅಂಕಿಗಳು ಕಾಗದದ ಮೇಲಿರಬೇಕು: ಎತ್ತಬೇಕಾದ ಒಟ್ಟು ತೂಕ, ಎತ್ತಬೇಕಾದ ಎತ್ತರ, ಅದಕ್ಕೆ ದೊರೆಯುವ ಕಾಲ ಮತ್ತು ನಿಲ್ಲಬೇಕಾದ ಸ್ಥಾನಗಳ ಸಂಖ್ಯೆ. ಇಲ್ಲಿ ಬಿಡಿಭಾಗದ ತೂಕವನ್ನಷ್ಟೇ ಹಿಡಿಯುವುದು ಸಾಮಾನ್ಯವಾಗಿ ಆಗುವ ತಪ್ಪು.

ಮೇಲಿನ ಉದಾಹರಣೆಯನ್ನೇ ತೆಗೆದುಕೊಳ್ಳಬಹುದು. ಬಿಡಿಭಾಗ 3 ಕಿ.ಗ್ರಾಂ, ಗ್ರಿಪ್ಪರ್ 1 ಕಿ.ಗ್ರಾಂ, 600 ಮಿ.ಮೀ. ಉದ್ದದ ತೋಳು 4 ಕಿ.ಗ್ರಾಂ ಹಾಗೂ ಕಂಬದ ಮೇಲೆ ಜಾರುವ ಪೀಠ 2 ಕಿ.ಗ್ರಾಂ ಎಂದಾದರೆ ಒಟ್ಟು ಭಾರ 10 ಕಿ.ಗ್ರಾಂ ಆಗುತ್ತದೆ. ಅಂದರೆ ಮೂರು ಕಿಲೋ ಎತ್ತಲು ಹತ್ತು ಕಿಲೋ ಚಲಿಸಬೇಕು. ಇದನ್ನು ಬಲದ ಲೆಕ್ಕಕ್ಕೆ ತಂದರೆ, 9.81ರಿಂದ ಗುಣಿಸಿದಾಗ, ಸುಮಾರು 98 ನ್ಯೂಟನ್ ಬರುತ್ತದೆ.

ಈ ಭಾರವನ್ನು 300 ಮಿ.ಮೀ. ಎತ್ತರಕ್ಕೆ ಒಂದು ಸೆಕೆಂಡಿನಲ್ಲಿ ಎತ್ತಬೇಕೆಂದು ಭಾವಿಸೋಣ. ಮೊದಲ ಮೂರನೇ ಒಂದು ಭಾಗದ ಕಾಲದಲ್ಲಿ ವೇಗ ಏರಿ, ನಡುವೆ ಸಮನಾಗಿದ್ದು, ಕೊನೆಯ ಭಾಗದಲ್ಲಿ ಇಳಿಯುವಂತೆ ಯೋಜಿಸಿದರೆ ಗರಿಷ್ಠ ವೇಗ ಸೆಕೆಂಡಿಗೆ 450 ಮಿ.ಮೀ. ಆಗುತ್ತದೆ. ವೇಗೋತ್ಕರ್ಷ ಪ್ರತಿ ಸೆಕೆಂಡಿಗೆ ಸೆಕೆಂಡಿಗೆ 1.35 ಮೀಟರ್. ಇದಕ್ಕೆ ಬೇಕಾಗುವ ಹೆಚ್ಚುವರಿ ಬಲವನ್ನೂ ಗೈಡುಗಳ ಘರ್ಷಣೆಯನ್ನೂ ಸೇರಿಸಿದರೆ ಎತ್ತುವ ವ್ಯವಸ್ಥೆಯು ಸುಮಾರು 120 ನ್ಯೂಟನ್ ಬಲವನ್ನು ಒದಗಿಸಬೇಕು. ಇದೇ ಅಂಕಿಯನ್ನು ಆಧರಿಸಿ ಬೇರೆ ಬೇರೆ ವ್ಯವಸ್ಥೆಗಳನ್ನು ತೂಗಿ ನೋಡಬಹುದು.

ತೋಳು ಭುಜದಲ್ಲಿ ಏಳಬೇಕೇ, ಕಂಬದ ಮೇಲೆ ಜಾರಬೇಕೇ?

ಎತ್ತುವ ಕ್ರಮಗಳಲ್ಲಿ ಎರಡು ಮುಖ್ಯ ಬಗೆಗಳಿವೆ. ಮೊದಲನೆಯದು ಮನುಷ್ಯನ ತೋಳಿನಂತೆ ಭುಜದ ಕೀಲಿನಲ್ಲಿ ತಿರುಗಿ ಏಳುವುದು. ಎರಡನೆಯದು ಇಡೀ ತೋಳು ಲಂಬವಾದ ಕಂಬದ ಮೇಲೆ ನೇರವಾಗಿ ಮೇಲೆ ಕೆಳಗೆ ಜಾರುವುದು.

ಭುಜದಲ್ಲಿ ಏಳುವ ತೋಳಿನಲ್ಲಿ ಭಾರದ ಜೊತೆಗೆ ದೂರವೂ ಲೆಕ್ಕಕ್ಕೆ ಬರುತ್ತದೆ. ಮೇಲಿನ ಉದಾಹರಣೆಯಲ್ಲಿ ತೋಳು ಪೂರ್ಣವಾಗಿ ಚಾಚಿದಾಗ, ತುದಿಯಲ್ಲಿರುವ 4 ಕಿ.ಗ್ರಾಂ 600 ಮಿ.ಮೀ. ದೂರದಲ್ಲಿಯೂ ತೋಳಿನ ಸ್ವಂತ ತೂಕದ 4 ಕಿ.ಗ್ರಾಂ ಅದರ ಮಧ್ಯದಲ್ಲಿ, ಅಂದರೆ 300 ಮಿ.ಮೀ. ದೂರದಲ್ಲಿಯೂ ಎಳೆಯುತ್ತವೆ. ಇದರಿಂದ ಭುಜದ ಕೀಲಿನ ಮೇಲೆ ಸುಮಾರು 35 ನ್ಯೂಟನ್-ಮೀಟರ್ ಟಾರ್ಕ್ ಬೀಳುತ್ತದೆ. ಚಲಿಸದೆ ಸುಮ್ಮನೆ ಹಿಡಿದು ನಿಲ್ಲಲು ಬೇಕಾದ ಟಾರ್ಕ್ ಇದು. ಸಣ್ಣ ಮೋಟಾರಿನಿಂದ ಇದನ್ನು ಪಡೆಯಲು ದೊಡ್ಡ ಅನುಪಾತದ ಗೇರ್‌ಬಾಕ್ಸ್ ಬೇಕು. ಆ ಗೇರ್‌ಬಾಕ್ಸಿನಲ್ಲಿ 0.1 ಡಿಗ್ರಿಯಷ್ಟು ಸಡಿಲವಿದ್ದರೂ 600 ಮಿ.ಮೀ. ದೂರದ ತುದಿಯಲ್ಲಿ ಅದು 1 ಮಿ.ಮೀ. ವ್ಯತ್ಯಾಸವಾಗಿ ಕಾಣಿಸಿಕೊಳ್ಳುತ್ತದೆ. ಚಕ್‌ಗೆ ಬಿಡಿಭಾಗ ಕೂರಿಸುವ ಕೆಲಸದಲ್ಲಿ 1 ಮಿ.ಮೀ. ಸಣ್ಣ ವ್ಯತ್ಯಾಸವಲ್ಲ.

ಕಂಬದ ಮೇಲೆ ಜಾರುವ ತೋಳಿನಲ್ಲಿ ಇದೇ ಬಾಗಿಸುವ ಪ್ರಭಾವವನ್ನು ಗೈಡುಗಳು ಹೊರುತ್ತವೆ. ಮೋಟಾರು ತೂಕವನ್ನಷ್ಟೇ ಎತ್ತುತ್ತದೆ. ಈ ತತ್ವದ ಪ್ರಸಿದ್ಧ ಉದಾಹರಣೆ ಜಪಾನಿನ ಸ್ಕಾರಾ ಮಾದರಿ. ಯಾಮಾನಾಶಿ ವಿಶ್ವವಿದ್ಯಾಲಯದ ಪ್ರೊ. ಹಿರೋಶಿ ಮಾಕಿನೊ ಅವರ ನೇತೃತ್ವದಲ್ಲಿ 1978ರಲ್ಲಿ ಇದರ ಮೊದಲ ಮಾದರಿ ಸಿದ್ಧವಾಯಿತು. ಇದರ ಭುಜ ಹಾಗೂ ಮೊಣಕೈಗಳು ಬಾಗಿಲಿನ ಕೀಲಿನಂತೆ ಅಡ್ಡಲಾಗಿ ಮಾತ್ರ ತಿರುಗುತ್ತವೆ. ತೋಳಿನ ತೂಕ ಬೇರಿಂಗುಗಳ ಮೇಲೆ ಕುಳಿತಿರುತ್ತದೆ. ಎತ್ತುವ ಕೆಲಸವನ್ನು ತುದಿಯ ಸಣ್ಣ ದಂಡವೊಂದೇ ನಿರ್ವಹಿಸುತ್ತದೆ. ಎತ್ತುವ ಭಾರವನ್ನು ಕನಿಷ್ಠಕ್ಕೆ ಇಳಿಸುವ ಈ ವಿವೇಕವು ಸಣ್ಣ ಘಟಕಗಳಿಗೂ ಅನುಕರಣೀಯ.

ಬಿಡಿಭಾಗವನ್ನು ಬೇರೆ ಬೇರೆ ಕೋನಗಳಲ್ಲಿ ಓರೆಯಾಗಿ ಹಿಡಿಯಬೇಕಾದ ಅಗತ್ಯವಿದ್ದರೆ ಮಾತ್ರ ಭುಜದಲ್ಲಿ ಏಳುವ ತೋಳು ಅನಿವಾರ್ಯ. ಎತ್ತು, ತಿರುಗು, ಇಡು ಎಂಬಷ್ಟೇ ಕೆಲಸಕ್ಕೆ ಕಂಬದ ತೋಳು ಸಾಕಾಗುತ್ತದೆ.

ನ್ಯೂಮ್ಯಾಟಿಕ್ ಸಿಲಿಂಡರ್

1961ರಲ್ಲಿ ಅಮೆರಿಕದ ನ್ಯೂಜೆರ್ಸಿಯ ಜನರಲ್ ಮೋಟಾರ್ಸ್ ಕಾರ್ಖಾನೆಯಲ್ಲಿ ಡೈ ಕಾಸ್ಟಿಂಗ್‌ಗಳನ್ನು ಎತ್ತಲು ನಿಯೋಜಿತವಾದ ಯೂನಿಮೇಟ್ ಎಂಬ ಯಂತ್ರತೋಳು ಹೈಡ್ರಾಲಿಕ್ ಶಕ್ತಿಯಿಂದ ನಡೆಯುತ್ತಿತ್ತು. ಇಂದಿನ ಸಣ್ಣ ತೋಳುಗಳಿಗೆ ಎಣ್ಣೆಯ ಪಂಪು, ಟ್ಯಾಂಕು, ಸೋರಿಕೆಗಳ ಗೊಡವೆ ಬೇಕಿಲ್ಲ. ಹೆಚ್ಚಿನ ಕಾರ್ಯಾಗಾರಗಳಲ್ಲಿ ಕಂಪ್ರೆಸರ್ ಈಗಾಗಲೇ ಇರುವುದರಿಂದ ಗಾಳಿಯ ಸಿಲಿಂಡರ್ ಅತ್ಯಂತ ಸುಲಭದ ಹಾಗೂ ಸಾಮಾನ್ಯವಾಗಿ ಅಗ್ಗದ ಮಾರ್ಗವಾಗಿದೆ.

25 ಮಿ.ಮೀ. ಬೋರ್ ಇರುವ ಸಿಲಿಂಡರ್ 6 ಬಾರ್ ಒತ್ತಡದಲ್ಲಿ ತಾತ್ವಿಕವಾಗಿ 294 ನ್ಯೂಟನ್ ಬಲ ನೀಡುತ್ತದೆ. ಚಲಿಸುವ ಭಾರವು ಇದರ ಅರ್ಧವನ್ನು ಮೀರದಂತೆ ನೋಡಿಕೊಳ್ಳುವುದು ರೂಢಿ. 120 ನ್ಯೂಟನ್ ಎಂದರೆ ಸುಮಾರು ಶೇ. 41 ಆದುದರಿಂದ ಇದು ಸರಿಹೊಂದುತ್ತದೆ. 20 ಮಿ.ಮೀ. ಬೋರ್‌ನ ಸಿಲಿಂಡರ್ 188 ನ್ಯೂಟನ್ ನೀಡುವುದರಿಂದ ಅದೂ ಸಾಕೆಂದು ತೋರಬಹುದು. ಆದರೆ ಇತರ ಯಂತ್ರಗಳು ಒಟ್ಟಿಗೆ ಗಾಳಿಯನ್ನು ಬಳಸಿ ಒತ್ತಡವು 4 ಬಾರ್‌ಗೆ ಇಳಿದ ಕ್ಷಣದಲ್ಲಿ ಅದರ ಬಲ 126 ನ್ಯೂಟನ್‌ಗೆ ಕುಸಿದು ತೋಳು ಅರ್ಧ ದಾರಿಯಲ್ಲಿ ತಡವರಿಸುತ್ತದೆ. ಲೆಕ್ಕವನ್ನು ಕಂಪ್ರೆಸರಿನ ಮೀಟರಿನಲ್ಲಿ ಕಾಣುವ ಒತ್ತಡಕ್ಕೆ ಬದಲಾಗಿ ಯಂತ್ರದ ಬಳಿ ದೊರೆಯುವ ಕನಿಷ್ಠ ಒತ್ತಡಕ್ಕೆ ಮಾಡಬೇಕು.

ಗಾಳಿಯ ಖರ್ಚಿನ ವಿಚಾರದಲ್ಲಿಯೂ ಒಂದು ಮಾತನ್ನು ಗಮನಿಸಬೇಕು. 10 ಮಿ.ಮೀ. ದಂಡವಿರುವ ಈ ಸಿಲಿಂಡರ್ ಒಮ್ಮೆ ಏರಿ ಇಳಿಯಲು ಸುಮಾರು 1.9 ಲೀಟರ್ ಮುಕ್ತ ಗಾಳಿಯನ್ನು ಬಳಸುತ್ತದೆ. ಪಾಳಿಯೊಂದಕ್ಕೆ 800 ಬಾರಿ ಏರಿ ಇಳಿದರೂ 1,520 ಲೀಟರ್ ಮಾತ್ರ. ಆದರೆ 6 ಬಾರ್ ಒತ್ತಡದ ಕೊಳವೆಯಲ್ಲಿ 3 ಮಿ.ಮೀ. ರಂಧ್ರವಿದ್ದರೆ ಸೆಕೆಂಡಿಗೆ 6ರಿಂದ 10 ಲೀಟರ್ ಗಾಳಿ ಹೊರಹೋಗುತ್ತದೆ. ಇಡೀ ಪಾಳಿಯಲ್ಲಿ ತೋಳು ಬಳಸುವ ಗಾಳಿ ಆ ರಂಧ್ರದಿಂದ ಐದು ನಿಮಿಷದೊಳಗೆ ಸೋರಿಹೋಗಿರುತ್ತದೆ. ದುಬಾರಿಯಾಗುವುದು ಸಿಲಿಂಡರಲ್ಲ, ಸೋರುವ ಜೋಡಣೆಗಳು.

ಸಿಲಿಂಡರಿನ ದೊಡ್ಡ ಮಿತಿ ಎಂದರೆ ಅದು ಮೇಲಿನ ಕೊನೆ ಹಾಗೂ ಕೆಳಗಿನ ಕೊನೆ ಎಂಬ ಎರಡು ಸ್ಥಾನಗಳಲ್ಲಿ ಮಾತ್ರ ನಿಖರವಾಗಿ ನಿಲ್ಲುತ್ತದೆ. ಬಿಡಿಭಾಗಗಳನ್ನು ಟ್ರೇಯಲ್ಲಿ ಪದರದ ಮೇಲೆ ಪದರವಾಗಿ ಜೋಡಿಸಬೇಕಾದರೆ ಇದು ಒದಗುವುದಿಲ್ಲ.

ಲೀಡ್ ಸ್ಕ್ರೂ

ಬೆಂಚ್ ವೈಸಿನ ಸ್ಕ್ರೂ ಕೆಲಸ ಮಾಡುವ ರೀತಿಯಲ್ಲಿಯೇ ಲೀಡ್ ಸ್ಕ್ರೂ ಕೆಲಸ ಮಾಡುತ್ತದೆ. ಸ್ಕ್ರೂ ತಿರುಗಿದಂತೆ ಕಂಚಿನ ನಟ್ ಮೇಲೆ ಕೆಳಗೆ ಚಲಿಸುತ್ತದೆ. ಇದರ ವಿಶೇಷ ಗುಣವೆಂದರೆ ಎಳೆಗಳ ಓರೆ ಕಡಿಮೆಯಿದ್ದಾಗ ಭಾರವು ಸ್ಕ್ರೂವನ್ನು ಹಿಂದಕ್ಕೆ ತಿರುಗಿಸಲಾರದು. ಮೋಟಾರು ನಿಂತರೂ ಭಾರ ಇದ್ದಲ್ಲೇ ಇರುತ್ತದೆ. 20 ಮಿ.ಮೀ. ವ್ಯಾಸ ಹಾಗೂ 4 ಮಿ.ಮೀ. ಲೀಡ್ ಇರುವ ಟ್ರೆಪೆಜಾಯ್ಡಲ್ ಸ್ಕ್ರೂವಿನಲ್ಲಿ ಎಳೆಯ ಓರೆ ಸುಮಾರು 4 ಡಿಗ್ರಿ. ಘರ್ಷಣಾಂಕ 0.15 ಎಂದು ಹಿಡಿದರೆ ಘರ್ಷಣೆಯ ಕೋನ ಸುಮಾರು 9 ಡಿಗ್ರಿ. ಓರೆಯು ಘರ್ಷಣೆಯ ಕೋನಕ್ಕಿಂತ ಕಡಿಮೆ ಇರುವುದರಿಂದ ಅದು ತಾನೇ ತಡೆಹಿಡಿಯುತ್ತದೆ.

ಈ ಗುಣಕ್ಕೆ ತೆರಬೇಕಾದ ಬೆಲೆ ಎರಡು ಬಗೆಯದು. ಒಂದು, ಮೋಟಾರಿನ ಶಕ್ತಿಯಲ್ಲಿ ಶೇ. 30ರಷ್ಟು ಮಾತ್ರ ಎತ್ತುವ ಕೆಲಸಕ್ಕೆ ಒದಗಿ ಉಳಿದುದು ಎಳೆಗಳ ಉಜ್ಜಾಟದಲ್ಲಿ ಬಿಸಿಯಾಗಿ ಹೋಗುತ್ತದೆ. ಇನ್ನೊಂದು, ವೇಗ ಬಹಳ ಕಡಿಮೆ. ನಿಮಿಷಕ್ಕೆ 600 ಸುತ್ತು ತಿರುಗಿದರೆ ಸೆಕೆಂಡಿಗೆ 40 ಮಿ.ಮೀ. ಮಾತ್ರ ಏರುತ್ತದೆ. 300 ಮಿ.ಮೀ. ಏರಲು 7.5 ಸೆಕೆಂಡು ಬೇಕು. ಒಂದೇ ಸೆಕೆಂಡಿನಲ್ಲಿ ಏರಿಸಲು ಸ್ಕ್ರೂವನ್ನು ನಿಮಿಷಕ್ಕೆ 6,750 ಸುತ್ತು ತಿರುಗಿಸಬೇಕಾಗುತ್ತದೆ. ಕಂಚಿನ ನಟ್ ಅದನ್ನು ತಾಳದು.

ಈ ನಿಧಾನದ ಪರಿಣಾಮವನ್ನು ಪಾಳಿಯ ಲೆಕ್ಕದಲ್ಲಿ ನೋಡಬೇಕು. ಲೇತಿನ ಕತ್ತರಿಸುವ ಕಾಲ 60 ಸೆಕೆಂಡು, ತೋಳಿನ ಇತರ ಚಲನೆಗಳಿಗೆ 10 ಸೆಕೆಂಡು, ಏರಿಳಿತಕ್ಕೆ 2 ಸೆಕೆಂಡು ಆದರೆ ಎಂಟು ಗಂಟೆಗಳಲ್ಲಿ 400 ಬಿಡಿಭಾಗಗಳು ದೊರೆಯುತ್ತವೆ. ಏರಿಳಿತಕ್ಕೆ 15 ಸೆಕೆಂಡು ಹಿಡಿದರೆ ದೊರೆಯುವುದು 338 ಮಾತ್ರ. ಪ್ರತಿ ಪಾಳಿಗೆ 62 ಬಿಡಿಭಾಗಗಳ ನಷ್ಟ. ಆದರೆ ಲೇತು ಕತ್ತರಿಸುತ್ತಿರುವಾಗಲೇ ತೋಳು ಏರಿಳಿದು ಮುಂದಿನ ಬಿಡಿಭಾಗವನ್ನು ಸಿದ್ಧಪಡಿಸಿಕೊಳ್ಳುವಂತಿದ್ದರೆ ಈ ನಿಧಾನದಿಂದ ನಷ್ಟವೇನೂ ಇಲ್ಲ. ಎತ್ತುವ ಕಾಲವು ಯಂತ್ರ ಕಾಯುವ ಕಾಲವೋ, ಯಂತ್ರ ದುಡಿಯುವ ಕಾಲವೋ ಎಂಬುದನ್ನು ಮೊದಲು ಖಚಿತಪಡಿಸಿಕೊಳ್ಳಬೇಕು.

ಇಲ್ಲಿ ಒಂದು ಎಚ್ಚರಿಕೆ ಅಗತ್ಯ. ಲೀಡ್ ಸ್ಕ್ರೂಗಳೆಲ್ಲವೂ ತಡೆಹಿಡಿಯುತ್ತವೆ ಎಂಬ ನಂಬಿಕೆ ತಪ್ಪು. ತ್ರೀಡಿ ಪ್ರಿಂಟರುಗಳಿಗಾಗಿ ಮಾರಾಟವಾಗುವ 8 ಮಿ.ಮೀ. ವ್ಯಾಸ ಮತ್ತು 8 ಮಿ.ಮೀ. ಲೀಡ್‌ನ ಸ್ಕ್ರೂಗಳಲ್ಲಿ ಎಳೆಯ ಓರೆ ಸುಮಾರು 20 ಡಿಗ್ರಿ ಇರುತ್ತದೆ. ಭಾರವಿದ್ದರೆ ಅವು ಹಿಂದಕ್ಕೆ ತಿರುಗುತ್ತವೆ. ತಡೆಹಿಡಿಯುವ ಸ್ಕ್ರೂಗಳು ಸಹ ಯಂತ್ರದ ನಡುಕ ಹಾಗೂ ಹೆಚ್ಚಿನ ಎಣ್ಣೆಯಿಂದ ನಿಧಾನವಾಗಿ ಜಾರುವ ಸಾಧ್ಯತೆಯಿದೆ. ಇದಲ್ಲದೆ ನಟ್ಟಿನ ಎಳೆಗಳು ಸವೆದು ಕಿತ್ತುಹೋದರೆ ಪೀಠವು ಒಮ್ಮೆಲೇ ಕೆಳಗೆ ಬೀಳುತ್ತದೆ. ಆದುದರಿಂದ ಮುಖ್ಯ ನಟ್ಟಿನ ಕೆಳಗೆ ಭಾರ ಹೊರದ ಇನ್ನೊಂದು ರಕ್ಷಣಾ ನಟ್ ಅಳವಡಿಸಿ, ಅವೆರಡರ ನಡುವಣ ಅಂತರವನ್ನು ಆಗಾಗ ಅಳೆಯುವುದು ಒಳ್ಳೆಯ ಕ್ರಮ. ಆ ಅಂತರ ಕಡಿಮೆಯಾಗುತ್ತ ಬಂದಷ್ಟೂ ಮುಖ್ಯ ನಟ್ ಸವೆಯುತ್ತಿದೆ ಎಂದು ಅರ್ಥ.

ಬಾಲ್ ಸ್ಕ್ರೂ

ನಟ್ ಮತ್ತು ಸ್ಕ್ರೂ ನಡುವೆ ಉಕ್ಕಿನ ಗುಂಡುಗಳು ಉರುಳುವ ವ್ಯವಸ್ಥೆಯೇ ಬಾಲ್ ಸ್ಕ್ರೂ. ಸಿಎನ್‌ಸಿ ಯಂತ್ರ ಬಳಸುವವರಿಗೆ ಇದು ಪರಿಚಿತ. ಇದರ ದಕ್ಷತೆ ಶೇ. 90ರಷ್ಟು. 10 ಮಿ.ಮೀ. ಲೀಡ್‌ನ ಸ್ಕ್ರೂ ಬಳಸಿದರೆ ಉದಾಹರಣೆಯ ಗರಿಷ್ಠ ವೇಗಕ್ಕೆ ನಿಮಿಷಕ್ಕೆ 2,700 ಸುತ್ತು ಬೇಕು. ಇದು 3,000 ಸುತ್ತಿನ ಸಾಮಾನ್ಯ ಸರ್ವೋ ಮೋಟಾರಿನ ವ್ಯಾಪ್ತಿಯಲ್ಲಿಯೇ ಇದೆ. ಎತ್ತಲು 0.21 ನ್ಯೂಟನ್-ಮೀಟರ್, ಸ್ಕ್ರೂವನ್ನೇ ವೇಗಕ್ಕೆ ತರಲು ಇನ್ನೂ 0.05 ನ್ಯೂಟನ್-ಮೀಟರ್ ಟಾರ್ಕ್ ಬೇಕು. 200 ವಾಟ್‌ನ ಸರ್ವೋ ಮೋಟಾರು ಸುಮಾರು 0.64 ನ್ಯೂಟನ್-ಮೀಟರ್ ಸತತವಾಗಿ ನೀಡುವುದರಿಂದ ಅದು ನಿರಾಯಾಸವಾಗಿ ನಿಭಾಯಿಸುತ್ತದೆ. ಭುಜದ ಕೀಲಿಗೆ ಬೇಕಾಗಿದ್ದ 35 ನ್ಯೂಟನ್-ಮೀಟರ್ ಅನ್ನು ಇದರೊಂದಿಗೆ ಹೋಲಿಸಿದರೆ ಕಂಬದ ತೋಳಿನ ಲಾಭ ಸ್ಪಷ್ಟವಾಗುತ್ತದೆ.

ಇದರಲ್ಲಿ ಎಷ್ಟು ಸ್ಥಾನಗಳಲ್ಲಿ ಬೇಕಾದರೂ ನಿಖರವಾಗಿ ನಿಲ್ಲಿಸಬಹುದು. ಆದರೆ ಸುಲಭವಾಗಿ ಉರುಳುವ ಗುಣವೇ ಇದರ ದೋಷವೂ ಹೌದು. ಮೋಟಾರಿಗೆ ವಿದ್ಯುತ್ ತಪ್ಪಿದೊಡನೆ 10 ಕಿ.ಗ್ರಾಂ ಭಾರವು ಸ್ಕ್ರೂವನ್ನು ಹಿಂದಕ್ಕೆ ತಿರುಗಿಸಿ ಕೆಳಗಿಳಿಯುತ್ತದೆ. ಆದುದರಿಂದ ಬ್ರೇಕ್ ಇಲ್ಲದ ಮೋಟಾರನ್ನು ಬಾಲ್ ಸ್ಕ್ರೂವಿನ ಲಂಬ ಚಲನೆಗೆ ಎಂದಿಗೂ ಬಳಸಬಾರದು. ಅಲ್ಲದೆ ಗುಂಡುಗಳು ಧೂಳನ್ನು ಸಹಿಸವು. ಬೀಡು ಕಬ್ಬಿಣದ ಪುಡಿ, ಗ್ರೈಂಡಿಂಗ್ ಧೂಳು ಹಾರಾಡುವಲ್ಲಿ ಬೆಲ್ಲೋಸ್ ಹೊದಿಕೆ ಹಾಗೂ ಕ್ರಮಬದ್ಧ ಗ್ರೀಸ್ ಅನಿವಾರ್ಯ.

ಟೈಮಿಂಗ್ ಬೆಲ್ಟ್ ಮತ್ತು ರ‍್ಯಾಕ್-ಪಿನಿಯನ್

ಎತ್ತರವು ಒಂದು ಮೀಟರನ್ನು ಮೀರಿದಾಗ ಉದ್ದನೆಯ ತೆಳು ಸ್ಕ್ರೂ ಹೆಚ್ಚಿನ ವೇಗದಲ್ಲಿ ತೊನೆದಾಡಲು ಆರಂಭಿಸುತ್ತದೆ. ಅಂತಹ ಸಂದರ್ಭಕ್ಕೆ ಹಲ್ಲಿನ ಬೆಲ್ಟ್ ಅಥವಾ ರ‍್ಯಾಕ್-ಪಿನಿಯನ್ ಸೂಕ್ತ. 5 ಮಿ.ಮೀ. ಪಿಚ್‌ನ 20 ಹಲ್ಲಿನ ಪುಲ್ಲಿಯು ಒಂದು ಸುತ್ತಿಗೆ 100 ಮಿ.ಮೀ. ಎತ್ತುತ್ತದೆ. 450 ಮಿ.ಮೀ. ವೇಗಕ್ಕೆ ನಿಮಿಷಕ್ಕೆ 270 ಸುತ್ತು ಸಾಕು. ಬೇಕಾದ ಟಾರ್ಕ್ 1.9 ನ್ಯೂಟನ್-ಮೀಟರ್. ಆದುದರಿಂದ ಮೋಟಾರಿನ ಜೊತೆಗೆ ಹತ್ತಕ್ಕೆ ಒಂದರ ಗೇರ್‌ಬಾಕ್ಸ್ ಸೇರಿಸಬೇಕಾಗುತ್ತದೆ.

ಬೆಲ್ಟ್ ಹಗುರ, ಸದ್ದಿಲ್ಲದ್ದು, ಎಣ್ಣೆಯನ್ನು ಬೇಡದು. ಆದರೆ ತುಂಡಾದರೆ ತಡೆಯಲು ಅದರ ಹಿಂದೆ ಏನೂ ಇರುವುದಿಲ್ಲ. ಮೋಟಾರಿನ ಬ್ರೇಕ್ ಬೆಲ್ಟಿನ ಆಚೆ ಬದಿಯಲ್ಲಿರುವುದರಿಂದ ಅದೂ ನೆರವಿಗೆ ಬರುವುದಿಲ್ಲ. ಜೋಡಿ ಬೆಲ್ಟ್ ಅಥವಾ ಪೀಠವನ್ನೇ ಕಂಬಕ್ಕೆ ಹಿಡಿಯುವ ಪ್ರತ್ಯೇಕ ಬ್ರೇಕ್ ಇದಕ್ಕೆ ಪರಿಹಾರ. ಕೂಲಂಟ್ ಮತ್ತು ಎಣ್ಣೆ ಸಿಡಿಯುವಲ್ಲಿ ರಬ್ಬರ್ ಬೆಲ್ಟಿಗಿಂತ ಉಕ್ಕಿನ ತಂತಿಯಿರುವ ಪಾಲಿಯುರೆಥೇನ್ ಬೆಲ್ಟ್ ಲೇಸು. ರ‍್ಯಾಕ್-ಪಿನಿಯನ್ ಬೆಲ್ಟಿಗಿಂತ ಗಟ್ಟಿಮುಟ್ಟಾದುದು. ಆದರೆ ಹಲ್ಲುಗಳ ನಡುವಣ ಸಡಿಲವನ್ನು ಸರಿಹೊಂದಿಸಿಕೊಳ್ಳಬೇಕು, ಎಣ್ಣೆ ಹಾಕುತ್ತಿರಬೇಕು.

ಸಮತೂಕದ ಭಾರ

ಬಾವಿಯ ರಾಟೆಯ ಎರಡು ಬದಿಗೂ ಕೊಡ ಕಟ್ಟಿದಂತೆ, ತೋಳಿನ ಭಾರಕ್ಕೆ ಎದುರಾಗಿ ಇನ್ನೊಂದು ಭಾರ ತೂಗುಹಾಕಿದರೆ ಮೋಟಾರಿನ ಹೊರೆ ಇಳಿಯುತ್ತದೆ. ಬರಿಗೈ ತೋಳಿನ 7 ಕಿ.ಗ್ರಾಂಗೆ ಬಿಡಿಭಾಗದ ಅರ್ಧದಷ್ಟು, ಅಂದರೆ 1.5 ಕಿ.ಗ್ರಾಂ ಸೇರಿಸಿ 8.5 ಕಿ.ಗ್ರಾಂ ಸಮತೂಕವಿಟ್ಟರೆ ಬೇಕಾಗುವ ಬಲವು 120ರಿಂದ ಸುಮಾರು 50 ನ್ಯೂಟನ್‌ಗೆ ಇಳಿಯುತ್ತದೆ. ಆದರೆ ಚಲಿಸುವ ಒಟ್ಟು ರಾಶಿ 18.5 ಕಿ.ಗ್ರಾಂ ಆಗುವುದರಿಂದ ವೇಗ ಹೆಚ್ಚಿದಷ್ಟೂ ಈ ಲಾಭ ಕರಗುತ್ತದೆ. ಕಂಬವೇ ತಿರುಗುವ ತೋಳಿನಲ್ಲಿ ಈ ಭಾರವನ್ನೂ ಜೊತೆಗೆ ತಿರುಗಿಸಬೇಕಾಗುತ್ತದೆ.

ಮತ್ತೊಂದು ವಿಷಯ ಹಲವರ ಗಮನಕ್ಕೆ ಬರುವುದಿಲ್ಲ. ಇಂತಹ ತೋಳಿನ ಗ್ರಿಪ್ಪರ್ ಖಾಲಿಯಿದ್ದಾಗ ಸಮತೂಕದ ಭಾರವೇ ಹೆಚ್ಚಾಗಿರುತ್ತದೆ. ಹಿಡಿತ ತಪ್ಪಿದರೆ ತೋಳು ಕೆಳಗೆ ಬೀಳುವ ಬದಲು ಮೇಲಕ್ಕೆ ಏಳುತ್ತದೆ. ರಿಪೇರಿ ಮಾಡುವವನಿಗೆ ಈ ತಿಳಿವಳಿಕೆ ಮೊದಲೇ ಇರಬೇಕು.

ಗೈಡುಗಳನ್ನು ಕಡೆಗಣಿಸಬಾರದು

ಎತ್ತುವ ವ್ಯವಸ್ಥೆ ಎಷ್ಟೇ ಒಳ್ಳೆಯದಾಗಿದ್ದರೂ ಪೀಠವನ್ನು ನಡೆಸುವ ಗೈಡುಗಳು ಸರಿಯಿಲ್ಲದಿದ್ದರೆ ಶ್ರಮ ವ್ಯರ್ಥ. ಉದಾಹರಣೆಯ ತೋಳು ಕಂಬದ ಮೇಲೆ 35 ನ್ಯೂಟನ್-ಮೀಟರ್‌ನಷ್ಟು ಬಾಗುವ ಪ್ರಭಾವ ಬೀರುತ್ತದೆ. ಪೀಠದ ಎರಡು ಬುಷ್‌ಗಳ ನಡುವಣ ಅಂತರ 200 ಮಿ.ಮೀ. ಆದರೆ ಒಂದೊಂದರ ಮೇಲೂ 176 ನ್ಯೂಟನ್ ಒತ್ತಡ ಬೀಳುತ್ತದೆ. ಸಾಧಾರಣ ಬುಷ್‌ಗಳಾಗಿದ್ದು ಘರ್ಷಣಾಂಕ 0.25 ಎಂದಾದರೆ ಇವೆರಡರ ಘರ್ಷಣೆಯೇ 88 ನ್ಯೂಟನ್. ಹೆಚ್ಚು ಕಡಿಮೆ ಭಾರದಷ್ಟೇ ತಡೆ! ಹಳೆಯ ಮರದ ಮೇಜಿನ ಡ್ರಾಯರನ್ನು ಒಂದು ಮೂಲೆಯಿಂದ ಎಳೆದರೆ ಸಿಕ್ಕಿಕೊಳ್ಳುವುದು ಇದೇ ಕಾರಣದಿಂದ. ಬಾಲ್ ಬೇರಿಂಗಿನ ಲೀನಿಯರ್ ಗೈಡುಗಳನ್ನು ಬಳಸಿದಾಗ ಇದೇ ಘರ್ಷಣೆ ಎರಡು ಮೂರು ನ್ಯೂಟನ್‌ಗೆ ಇಳಿಯುತ್ತದೆ. ಮೇಲೆ ಹೇಳಿದ 120 ನ್ಯೂಟನ್ ಲೆಕ್ಕವು ಇಂತಹ ಗೈಡುಗಳಿದ್ದಾಗ ಮಾತ್ರ ಸತ್ಯ. ಸಾಧಾರಣ ಬುಷ್ ಬಳಸುವುದಾದರೆ ಕಂಬದಿಂದ ಭಾರದ ಕೇಂದ್ರಕ್ಕಿರುವ ದೂರವು ಬುಷ್‌ಗಳ ಅಂತರದ ಎರಡು ಪಟ್ಟನ್ನು ಮೀರಬಾರದು. ಮೀರಿದರೆ ಎಷ್ಟೇ ಬಲ ಹಾಕಿದರೂ ಪೀಠ ಸಿಕ್ಕಿಕೊಳ್ಳುತ್ತದೆ. ಸಿಲಿಂಡರಿನ ದಂಡವನ್ನೇ ಗೈಡಿನಂತೆ ಬಳಸುವುದು ಸಲ್ಲದು. ಅಡ್ಡ ಹೊರೆಯಿಂದ ಅದರ ಸೀಲುಗಳು ಬೇಗ ಹಾಳಾಗುತ್ತವೆ.

ವಿದ್ಯುತ್ ಹೋದಾಗ ಏನಾಗುತ್ತದೆ?

ಆಯ್ಕೆಯ ಎಲ್ಲ ಪ್ರಶ್ನೆಗಳಲ್ಲಿ ಇದು ಅತಿ ಮುಖ್ಯವಾದುದು. ತೋಳು ಬಿಡಿಭಾಗ ಹಿಡಿದು ಮೇಲಿರುವಾಗ ವಿದ್ಯುತ್ ಕಡಿತವಾಗುತ್ತದೆ. ಯಂತ್ರ ನಿಂತಿದೆ ಎಂಬ ಧೈರ್ಯದಿಂದ ಕಾರ್ಮಿಕನು ಕೆಳಗೆ ಕೈಹಾಕಿ ಚಿಪ್ಸ್ ತೆಗೆಯಲು ಮುಂದಾಗುತ್ತಾನೆ. ಕೈಗೆ ಅಪಾಯ ಒದಗುವುದು ಆ ಗಳಿಗೆಯಲ್ಲಿ.

ಲೀಡ್ ಸ್ಕ್ರೂ ಓರೆ ಕಡಿಮೆಯಿದ್ದರೆ ನಿಲ್ಲುತ್ತದೆ. ಬಾಲ್ ಸ್ಕ್ರೂ, ಬೆಲ್ಟ್ ಹಾಗೂ ರ‍್ಯಾಕ್‌ಗಳು ಬ್ರೇಕ್ ಇಲ್ಲದಿದ್ದರೆ ಇಳಿಯುತ್ತವೆ. ಸ್ಟೆಪ್ಪರ್ ಮೋಟಾರಿನ ಹಿಡಿತದ ಬಲವೂ ವಿದ್ಯುತ್ತಿನೊಂದಿಗೆ ಹೊರಟುಹೋಗುತ್ತದೆ. ಬ್ರೇಕ್ ಎಂದರೆ ವಿದ್ಯುತ್ ಇರುವಾಗ ಬಿಡುವ, ಹೋದಾಗ ಸ್ಪ್ರಿಂಗಿನಿಂದ ತಾನೇ ಹಿಡಿಯುವ ಬಗೆಯದೇ ಆಗಿರಬೇಕು. ಸರ್ವೋ ಮೋಟಾರಿನೊಳಗಿನ ಬ್ರೇಕ್ ನಿಂತ ಭಾರವನ್ನು ಹಿಡಿಯಲು ಇರುವಂತಹುದು. ಓಡುತ್ತಿರುವುದನ್ನು ದಿನವೂ ನಿಲ್ಲಿಸಲು ಅದನ್ನು ಬಳಸಿದರೆ ಬೇಗ ಸವೆಯುತ್ತದೆ. ಯುಪಿಎಸ್ ಇದೆ ಎಂಬ ಕಾರಣಕ್ಕೆ ಬ್ರೇಕ್ ಬಿಡುವುದು ತರವಲ್ಲ.

ಸಿಲಿಂಡರಿನಲ್ಲಿ ಕೊಳವೆ ಕಳಚಿದರೆ ಭಾರ ಇಳಿಯುತ್ತದೆ. ಸಿಲಿಂಡರಿನ ಬಾಯಿಯಲ್ಲಿಯೇ ಪೈಲಟ್ ಚೆಕ್ ವಾಲ್ವ್ ಅಥವಾ ದಂಡವನ್ನು ಹಿಡಿಯುವ ರಾಡ್ ಲಾಕ್ ಇರಬೇಕು. ಹೀಗೆ ಸಿಕ್ಕಿಕೊಂಡ ಗಾಳಿ ಒಳಗೇ ಉಳಿಯುವುದರಿಂದ ಕಂಪ್ರೆಸರ್ ನಿಲ್ಲಿಸಿದ ಮೇಲೂ ಕೊಳವೆ ಬಿಚ್ಚುವ ಮುನ್ನ ತೋಳಿಗೆ ಗಟ್ಟಿಯಾದ ಆಧಾರ ಕೊಡಬೇಕು. ಗ್ರಿಪ್ಪರಿನ ವಿಷಯದಲ್ಲಿಯೂ ಇದೇ ಎಚ್ಚರ ಸಲ್ಲುತ್ತದೆ. ತೋಳು ನಿಂತರೂ ಬೆರಳುಗಳು ಬಿಟ್ಟರೆ ಬಿಡಿಭಾಗ ಬೀಳುತ್ತದೆ. ಸ್ಪ್ರಿಂಗಿನಿಂದ ಹಿಡಿದು ಗಾಳಿಯಿಂದ ಬಿಡುವ ಗ್ರಿಪ್ಪರ್ ಹೆಚ್ಚು ಸುರಕ್ಷಿತ.

ಅಂತರರಾಷ್ಟ್ರೀಯ ಮಾನಕ ಐಎಸ್‌ಒ 13854ರ ಪ್ರಕಾರ ಬೆರಳು ಜಜ್ಜಿಹೋಗದಿರಲು 25 ಮಿ.ಮೀ., ಹಸ್ತ ಜಜ್ಜಿಹೋಗದಿರಲು 100 ಮಿ.ಮೀ. ಕನಿಷ್ಠ ಅಂತರ ಇರಬೇಕು. ತೋಳು ಅತ್ಯಂತ ಕೆಳಗಿಳಿದಾಗಲೂ ಇಷ್ಟು ಅಂತರ ಉಳಿಯುವಂತೆ ಉಕ್ಕಿನ ತಡೆಗಟ್ಟು ಹಾಕಬೇಕು. ಕೆಲಸದ ಸ್ವರೂಪದಿಂದ ಅದು ಸಾಧ್ಯವಿಲ್ಲದಿದ್ದರೆ ಬಾಗಿಲು ತೆರೆದೊಡನೆ ತೋಳನ್ನು ನಿಲ್ಲಿಸುವ ಇಂಟರ್‌ಲಾಕ್ ಇರುವ ಬೇಲಿ ಬೇಕು.

ಆಯ್ಕೆಯ ಸಾರ

ಎರಡೇ ಸ್ಥಾನಗಳು, ಗಾಳಿ ಲಭ್ಯ, ವೇಗವೂ ಬೇಕು ಎಂಬಲ್ಲಿ ನ್ಯೂಮ್ಯಾಟಿಕ್ ಸಿಲಿಂಡರ್ ಮೊದಲ ಆಯ್ಕೆ. ವೇಗದ ಅವಸರವಿಲ್ಲದೆ ಭಾರ ನಿಂತಲ್ಲೇ ನಿಲ್ಲಬೇಕು ಎಂಬಲ್ಲಿ ಸಣ್ಣ ಲೀಡ್‌ನ ಟ್ರೆಪೆಜಾಯ್ಡಲ್ ಸ್ಕ್ರೂ ಸೂಕ್ತ. ಹಲವು ಸ್ಥಾನಗಳು, ನಿಖರತೆ ಹಾಗೂ ವೇಗ ಮೂರೂ ಬೇಕಾದರೆ ಬ್ರೇಕ್ ಸಹಿತ ಸರ್ವೋ ಮತ್ತು ಬಾಲ್ ಸ್ಕ್ರೂ. ಒಂದು ಮೀಟರಿಗೂ ಮೀರಿದ ಎತ್ತರಕ್ಕೆ ಬೆಲ್ಟ್ ಅಥವಾ ರ‍್ಯಾಕ್. ಓರೆ ಕೋನಗಳಲ್ಲಿ ಹಿಡಿಯಬೇಕಾದ ಕೆಲಸಕ್ಕೆ ಮಾತ್ರ ಭುಜದಲ್ಲಿ ಏಳುವ ತೋಳು. ಉದಾಹರಣೆಯ ಲೇತಿಗೆ, ಬಿಡಿಭಾಗಗಳನ್ನು ಒಂದೇ ಮಟ್ಟದ ಕನ್ವೇಯರಿನಿಂದ ಎತ್ತುವುದಾದರೆ 25 ಮಿ.ಮೀ. ಸಿಲಿಂಡರ್ ಸಾಕು. ಟ್ರೇಗಳಲ್ಲಿ ಪದರವಾಗಿ ಜೋಡಿಸುವುದಾದರೆ 200 ವಾಟ್ ಸರ್ವೋ ಹಾಗೂ 10 ಮಿ.ಮೀ. ಲೀಡ್‌ನ ಬಾಲ್ ಸ್ಕ್ರೂ ಬೇಕಾಗುತ್ತದೆ.

ತಯಾರಕರಿಂದ ಕೊಟೇಶನ್ ಪಡೆಯುವಾಗ ಈ ಕೆಳಗಿನ ವಿವರಗಳನ್ನು ಲಿಖಿತವಾಗಿ ಕೇಳುವುದು ಒಳಿತು:

1. ಗ್ರಿಪ್ಪರಿನ ತೂಕವನ್ನು ಕಳೆದ ನಂತರ ತೋಳು ಎತ್ತುವ ನಿವ್ವಳ ಭಾರ ಎಷ್ಟು?
2. ಆ ಭಾರದೊಂದಿಗೆ ಪೂರ್ಣ ಎತ್ತರಕ್ಕೆ ಏರಲು ತಗಲುವ ಕಾಲ ಎಷ್ಟು?
3. ವಿದ್ಯುತ್ ಅಥವಾ ಗಾಳಿ ನಿಂತಾಗ ಭಾರವನ್ನು ಹಿಡಿಯುವ ಭಾಗ ಯಾವುದು?
4. ನಟ್ ಅಥವಾ ಬೆಲ್ಟ್ ಮುರಿದರೆ ಎರಡನೆಯ ರಕ್ಷಣೆ ಏನು?
5. ಸವೆಯುವ ಭಾಗಗಳು ಯಾವುವು, ಅವು ಸ್ಥಳೀಯ ಮಾರುಕಟ್ಟೆಯಲ್ಲಿ ದೊರೆಯುತ್ತವೆಯೇ?
6. ಧೂಳು ಮತ್ತು ಕೂಲಂಟ್‌ನಿಂದ ರಕ್ಷಣೆಗೆ ಮಾಡಿರುವ ಏರ್ಪಾಡು ಏನು?

ಹಣ ಪಾವತಿಸುವ ಮುನ್ನ ತಯಾರಕರ ಸ್ಥಳದಲ್ಲಿಯೇ ಒಂದು ಸರಳ ಪರೀಕ್ಷೆ ಮಾಡಿಸಬಹುದು. ಪೂರ್ಣ ಭಾರದೊಂದಿಗೆ ತೋಳನ್ನು ಮೇಲೆ ನಿಲ್ಲಿಸಿ, ಕೆಳಗೆ ಯಾರೂ ಇಲ್ಲದಂತೆ ನೋಡಿಕೊಂಡು, ಮುಖ್ಯ ಸ್ವಿಚ್ಚನ್ನು ಆರಿಸಬೇಕು. ಕಂಬದ ಮೇಲೆ ಗುರುತು ಹಾಕಿ ಅರ್ಧ ಗಂಟೆಯ ನಂತರ ಅಳೆಯಬೇಕು. ಏರುತ್ತಿರುವಾಗ ಒಮ್ಮೆ, ಇಳಿಯುತ್ತಿರುವಾಗ ಒಮ್ಮೆ ವಿದ್ಯುತ್ ಕಡಿದು ತೋಳು ಎಷ್ಟು ದೂರ ಸರಿದು ನಿಂತಿತು ಎಂಬುದನ್ನೂ ಬರೆದುಕೊಳ್ಳಬೇಕು. ಈ ಅಂಕಿಗಳನ್ನು ಯಂತ್ರದ ಕಡತದಲ್ಲಿ ಇಟ್ಟುಕೊಂಡು ತಿಂಗಳಿಗೊಮ್ಮೆ ಇದೇ ಪರೀಕ್ಷೆಯನ್ನು ನಡೆಸಿದರೆ ಬ್ರೇಕ್ ಸವೆಯುತ್ತಿರುವುದು ಅಪಘಾತಕ್ಕೆ ಮೊದಲೇ ತಿಳಿಯುತ್ತದೆ.

ಯಂತ್ರತೋಳು ಕೆಲಸಗಾರನ ಬೆನ್ನಿನ ಹೊರೆಯನ್ನು ಇಳಿಸಲು ಬರುವ ಸಾಧನ. ಅದು ಆತನ ಕೈಗೆ ಅಪಾಯವಾಗದಂತೆ, ಮಾಲೀಕನ ಬಂಡವಾಳ ಮೂಲೆ ಸೇರದಂತೆ ನೋಡಿಕೊಳ್ಳಲು ದೊಡ್ಡ ವಿದ್ಯೆ ಬೇಕಿಲ್ಲ. ತೂಕ, ಎತ್ತರ, ಕಾಲ ಹಾಗೂ ಸ್ಥಾನಗಳ ನಾಲ್ಕು ಅಂಕಿಗಳನ್ನು ಬರೆದುಕೊಂಡು, ವಿದ್ಯುತ್ ಹೋದರೆ ಏನಾಗುತ್ತದೆ ಎಂಬ ಐದನೆಯ ಪ್ರಶ್ನೆಯನ್ನು ಖರೀದಿಗೆ ಮೊದಲೇ ಕೇಳಿದರೆ ಆಯ್ಕೆಯ ಅರ್ಧ ಕೆಲಸ ಮುಗಿದಂತೆ.